ನಾನು ಹತ್ತದ ಶಿಖರಗಳು

ಜತ್ತ ತಾಲೂಕಿನ ನಮ್ಮ ಬಿಳೂರಿನಲ್ಲಿ ನನ್ನನ್ನು ಹೊಸದಾಗಿ ಕಂಡವರು ಕೇಳುವ ಪ್ರಶ್ನೆ ಒಂದೇ. "ಎಷ್ಟ ಶಿಖರ ಹತ್ತೀರಿ?" ನಾನು "ಒಂದೂ ಇಲ್ರಿ" ಎನ್ನುತ್ತೇನೆ. ಅವರು ನಕ್ಕು, ಇವರಿಗೆ ದೊಡ್ಡಸ್ತಿಕೆ ಇಲ್ಲ ಎಂದುಕೊಂಡು ಹೋಗುತ್ತಾರೆ. ಆದರೆ ನಾನು ಹೇಳುವುದು ನಿಜ. ಆರು ಸಾವಿರ, ಏಳು ಸಾವಿರ ಮೀಟರ್ ಎತ್ತರದ ಹಿಮಶಿಖರಗಳಿಗೆ ಜನರನ್ನು ಕರೆದೊಯ್ಯುವ ಕಂಪನಿಯೊಂದರಲ್ಲಿ ಹದಿನೆಂಟು ವರ್ಷ ದುಡಿದೆ. ನಾನು ಹೋದ ಅತಿ ಎತ್ತರದ ಜಾಗವೆಂದರೆ ಮೊದಲನೇ ಕ್ಯಾಂಪು. ಅಲ್ಲಿಗೆ ಎರಡು ಸಲ ಹೋಗಿದ್ದೇನೆ, ಎರಡು ಸಲವೂ ತಲೆನೋವು ತಾಳಲಾಗದೆ ಇಳಿದು ಬಂದಿದ್ದೇನೆ. ಹತ್ತುವುದು ನನ್ನ ಕೆಲಸವಾಗಿರಲಿಲ್ಲ. ಹತ್ತುವವರು ಯಾವ ದಿನ ಎಲ್ಲಿರಬೇಕು, ಏನು ಉಣ್ಣಬೇಕು, ಎಷ್ಟು ಹೊತ್ತಿಗೆ ಹಿಂದಿರುಗಬೇಕು ಎಂಬುದನ್ನು ಮೊದಲೇ ಗೊತ್ತುಮಾಡುವುದು ನನ್ನ ಕೆಲಸ.

ಇದನ್ನು ಬರೆಯಲು ಕೂತದ್ದಕ್ಕೆ ಕಾರಣ ಬಾಲಗಾಂವದ ರೇಖಾ. ಪರ್ವತಾರೋಹಣದ ತರಬೇತಿ ಮುಗಿಸಿ ಬಂದ ಹುಡುಗಿ. ಹೋದ ತಿಂಗಳು ಮನೆಗೆ ಬಂದು, ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದು ಪೇಢೆ ಕೊಟ್ಟಳು. ಆದರೆ ಮುಖದಲ್ಲಿ ಖುಷಿ ಇರಲಿಲ್ಲ.

"ಕಾಕಾರ, ನನ್ನ ಆಫೀಸಿನ್ಯಾಗ ಕುಂದ್ರಸ್ತಾರಂತ್ರಿ. ನಾ ಹಗ್ಗಾ ಹಿಡಿಯೂದ ಕಲತೀನಿ. ಕಾಗದಾ ಬರಿಯೂದ ನನಗ್ಯಾಕ್ರಿ?"

"ಹೋಗವ್ವ," ಎಂದೆ. "ಆ ಕಾಗದಾ ಏನಂತ ನಾ ಬರದ ಕೊಡ್ತೀನಿ."

ಆಕೆಗೆ ಕೊಟ್ಟ ಮಾತಿಗೆ ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು ಸೈನ್ಯದಿಂದ. ಲಡಾಖಿನಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಅದಕ್ಕೂ ಮೊದಲು ಬಿಳೂರಿನಲ್ಲಿ ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂತವನು. ಸಾಮಾನು ಜೋಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಅಭಿಮಾನ ಇತ್ತು. ಸೈನ್ಯದಿಂದ ನಿವೃತ್ತನಾದ ವರ್ಷವೇ ಮನಾಲಿಯ ಈ ಕಂಪನಿ ಸೇರಿದೆ. ಅದರ ಒಡತಿ ನೇಗಿ ಮೇಡಂ. ಆಗಲೇ ಐವತ್ತು ದಾಟಿದ್ದರು. ಒಂದು ಕಾಲಕ್ಕೆ ಸ್ವತಃ ಹತ್ತುತ್ತಿದ್ದವರು, ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರು. ಕಾಲಿಗೆ ಏನಾಯಿತೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ವಾರ ಅವರು ನನಗೆ ಒಂದು ಯೋಜನೆ ಬರೆದು ತರಲು ಹೇಳಿದರು. ಹನ್ನೊಂದು ಜನ, ಇಪ್ಪತ್ತೆರಡು ದಿನ, ಒಂದು ಶಿಖರ. ನಾನು ಮೂರು ದಿನ ಕೂತು ಬರೆದೆ. ಟೆಂಟು, ಹಗ್ಗ, ಅಕ್ಕಿ, ಬೇಳೆ, ಔಷಧಿ, ಮೊಳೆಬೂಟು, ಎಲ್ಲವೂ ಸಾಲಾಗಿ ಇದ್ದವು. ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ "ಶಿಖರ" ಎಂದು ಬರೆದು ಅಡಿಗೆರೆ ಎಳೆದಿದ್ದೆ.

ಮೇಡಂ ಪುಟಗಳನ್ನು ತಿರುವಿ ಹಾಕಿ ಕೇಳಿದರು. ನಮ್ಮ ಮಾತು ಹಿಂದಿಯಲ್ಲಿ ನಡೆಯುತ್ತಿತ್ತು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಮಲ್ಲಪ್ಪಾಜಿ, ಇವರು ವಾಪಸ್ ಬರುವುದು ಎಲ್ಲಿದೆ?"

"ಹೋದ ದಾರಿಯಲ್ಲೇ ಬರುತ್ತಾರೆ, ಮೇಡಂ."

"ಹೋದಾಗ ಇದ್ದ ಹಾಗೆಯೇ ಬರುತ್ತಾರೆಯೇ? ಅಷ್ಟೇ ಶಕ್ತಿ, ಅಷ್ಟೇ ಬೆಳಕು, ಅಷ್ಟೇ ಊಟ ಇರುತ್ತದೆಯೇ?"

ಅವರು ಕಾಗದ ವಾಪಸ್ ಕೊಟ್ಟು, ಮನಾಲಿಗೆ ಎಲ್ಲರೂ ವಾಪಸ್ ಬಂದು ಸೇರುವ ಕೊನೆಯ ದಿನದಿಂದ ಶುರುಮಾಡಿ ಹಿಂದಕ್ಕೆ ಬರೆದುಕೊಂಡು ಬಾ ಎಂದರು. ಮಧ್ಯಾಹ್ನ ನಾಲ್ಕಕ್ಕೆ ಮೂರನೇ ಕ್ಯಾಂಪಿಗೆ ಮರಳಿರಬೇಕಾದರೆ ಶಿಖರದಿಂದ ಎಷ್ಟಕ್ಕೆ ಇಳಿಯಬೇಕು, ಅದಕ್ಕೆ ಎಷ್ಟಕ್ಕೆ ಹೊರಡಬೇಕು, ಅದಕ್ಕೆ ಹಿಂದಿನ ದಿನ ಏನು ಉಂಡಿರಬೇಕು, ಹೀಗೆ. ಹಾಗೆ ಬರೆಯುತ್ತ ಹೋದಾಗ ಶಿಖರ ಎಂಬುದು ಕಾಗದದ ನಡುವೆ ಎಲ್ಲೋ ಒಂದು ಸಾಲಾಗಿ ಬಂದು ಹೋಯಿತು. ಅಲ್ಲಿಂದ ಮುಂದೆ ನಾನು ಬರೆದ ಎಲ್ಲ ಯೋಜನೆಗಳೂ ಕೊನೆಯಿಂದ ಮೊದಲಿಗೆ ಬರೆದವೇ. ರೇಖಾ, ಇದೊಂದು ಕಲಿತರೆ ಅರ್ಧ ಕೆಲಸ ಕಲಿತಂತೆ.

ಉಳಿದರ್ಧವನ್ನು ನಾನು ತಪ್ಪು ಮಾಡಿ ಕಲಿತೆ.

ಎರಡನೇ ವರ್ಷದ ಬೇಸಿಗೆ. ಹೇಸರಗತ್ತೆಗಳ ಮೇಲೆ ಸಾಮಾನು ಹೇರಿ ಬೇಸ್ ಕ್ಯಾಂಪಿಗೆ ಸಾಗಿಸುತ್ತಿದ್ದೆವು. ಹೇರು ಕಟ್ಟಿಸಿದವನು ನಾನೇ. ಅಪ್ಪನ ಅಂಗಡಿಯಲ್ಲಿ ಹೇಗೋ ಹಾಗೆ ಕಟ್ಟಿಸಿದ್ದೆ. ಒಂದು ಹೇರಿನಲ್ಲಿ ಬರೀ ಅಕ್ಕಿ, ಒಂದರಲ್ಲಿ ಬರೀ ಪಾತ್ರೆ, ಒಂದರಲ್ಲಿ ಬರೀ ಸ್ಟೋವು. ಹುಡುಕಲು ಸುಲಭ, ನೋಡಲೂ ಚೆಂದ. ಮೂರನೇ ದಿನ ಹೊಳೆ ದಾಟುವಾಗ ಒಂದು ಹೇಸರಗತ್ತೆ ಕಾಲು ಜಾರಿತು. ಪ್ರಾಣಿ ಹೇಗೋ ಈಜಿ ದಡ ಸೇರಿತು. ಬೆನ್ನ ಮೇಲಿನ ಹೇರು ಹೋಯಿತು. ಅದು ಸ್ಟೋವುಗಳ ಹೇರು.

ಐದು ಸ್ಟೋವೂ ಹೋದವು. ಹಿಮದ ಎತ್ತರದಲ್ಲಿ ಸ್ಟೋವು ಇಲ್ಲ ಎಂದರೆ ಊಟ ಇಲ್ಲ ಎಂದಷ್ಟೇ ಅಲ್ಲ, ನೀರೂ ಇಲ್ಲ. ಅಲ್ಲಿ ಹಿಮ ಕರಗಿಸಿಯೇ ಕುಡಿಯಬೇಕು. ಅಕ್ಕಿ, ಬೇಳೆ, ಸೀಮೆಎಣ್ಣೆ, ಪಾತ್ರೆ ಎಲ್ಲವೂ ಭದ್ರವಾಗಿದ್ದವು. ಅವನ್ನು ಹಿಡಿದುಕೊಂಡು ನಾವು ದಡದಲ್ಲಿ ನಿಂತೆವು.

ನಮ್ಮ ಮುಖ್ಯ ಗೈಡ್ ತಾಶಿ ಬಂದು ಉಳಿದ ಹೇರುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದ. ನನಗಿಂತ ಹತ್ತು ವರ್ಷ ಚಿಕ್ಕವನು, ಮಾತು ಬಹಳ ಕಡಿಮೆ. ಬೈಯುತ್ತಾನೆ ಎಂದು ಕಾದೆ.

"ಜೋಡಿಸಿದ್ದು ಬಹಳ ಚೆನ್ನಾಗಿದೆ," ಎಂದ. "ಅಂಗಡಿ ತೆರೆಯಬಹುದು."

ಬೈದಿದ್ದರೆ ಒಳ್ಳೆಯದಿತ್ತು. ನಾನು ಒಬ್ಬ ಜೊತೆಗಾರನೊಂದಿಗೆ ಎರಡು ದಿನ ಹಿಂದಕ್ಕೆ ನಡೆದು, ಒಂದು ಹಳ್ಳಿಯ ಮೂರು ಮನೆಗಳಿಂದ ಮೂರು ಸ್ಟೋವು ಕಾಡಿ ಬೇಡಿ ತಂದೆ. ನಾಲ್ಕು ದಿನ ಹಾಳಾದವು. ಶಿಖರ ಆ ಸಲ ಆಗಲಿಲ್ಲ. ಆ ಮೇಲೆ ಹೇರು ಕಟ್ಟುವ ರೀತಿಯನ್ನೇ ಬದಲಿಸಿದೆ. ಪ್ರತಿ ಹೇರಿನಲ್ಲೂ ಎಲ್ಲವೂ ಸ್ವಲ್ಪ ಸ್ವಲ್ಪ. ಯಾವ ಹೇರು ನೀರು ಪಾಲಾದರೂ ಉಳಿದವುಗಳಿಂದ ದಿನ ಸಾಗಬೇಕು. ನೋಡಲು ಅದು ಹರಕಲು ಮುರುಕಲು, ಹುಡುಕಲು ಕಷ್ಟ, ಅಡುಗೆಯವರು ಗೊಣಗುತ್ತಾರೆ. ಗೊಣಗಲಿ.

ಅಡುಗೆಯವರ ವಿಷಯ ಬಂತು, ಬಹಾದೂರನ ಬಗ್ಗೆ ಹೇಳಬೇಕು. ನೇಪಾಳದವನು, ಬೇಸ್ ಕ್ಯಾಂಪಿನಲ್ಲಿ ಅಡುಗೆ ಮಾಡುತ್ತಿದ್ದ. ಆಗ ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕ ಅಳೆಯುವ ಯಂತ್ರ ಹೊಸದಾಗಿ ಬಂದಿತ್ತು. ದಿನಕ್ಕೆ ಎರಡು ಸಲ ಎಲ್ಲರ ಅಂಕಿ ಬರೆದುಕೊಂಡು, ಇನ್ನು ಯಾರ ಆರೋಗ್ಯವೂ ನನ್ನ ಕಣ್ಣು ತಪ್ಪಿಸುವುದಿಲ್ಲ ಎಂದು ನಾನು ನೆಮ್ಮದಿಯಾಗಿದ್ದೆ. ಒಂದು ತಂಡದಲ್ಲಿ ನಾಗಪುರದ ಬ್ಯಾಂಕ್ ಅಧಿಕಾರಿಯೊಬ್ಬರಿದ್ದರು. ಅವರ ಅಂಕಿ ದಿನವೂ ಚೆನ್ನಾಗಿ ಬರುತ್ತಿತ್ತು. ಮರುದಿನ ಎರಡನೇ ಕ್ಯಾಂಪಿಗೆ ಹೊರಡುವವರ ಪಟ್ಟಿಯಲ್ಲಿ ಅವರ ಹೆಸರು ಬರೆದೆ.

ಬಹಾದೂರ ನನ್ನ ಟೆಂಟಿಗೆ ಬಂದು ನಿಂತ. "ಸಾಹೇಬರೇ, ಆ ನಾಗಪುರದವರು ಎರಡು ದಿನದಿಂದ ಚಹಾ ಕುಡಿದಿಲ್ಲ. ತಟ್ಟೆ ಹಾಗೇ ವಾಪಸ್ ಬರುತ್ತದೆ. ಇವತ್ತು ಬೂಟಿನ ಲಾಡಿ ಕಟ್ಟುವಾಗ ಸುಸ್ತಾಗಿ ಮೂರು ಸಲ ನಿಲ್ಲಿಸಿದರು."

"ಅಂಕಿ ಸರಿ ಇದೆಯಲ್ಲ."

"ಅಂಕಿ ಹಾಕಿಸಿಕೊಳ್ಳುವ ಮೊದಲು ಟೆಂಟಿನಲ್ಲಿ ಕೂತು ಜೋರಾಗಿ ಉಸಿರೆಳೆದುಕೊಳ್ಳುತ್ತಾರೆ. ನನಗೆ ಕೇಳಿಸುತ್ತದೆ."

ನಾನು ಹೋಗಿ ಅವರ ಪಕ್ಕದಲ್ಲಿ ಕೂತು, ಅದೂ ಇದೂ ಮಾತಾಡುತ್ತ ಅರ್ಧ ಗಂಟೆ ಕಳೆದು, ಅನಿರೀಕ್ಷಿತವಾಗಿ ಯಂತ್ರ ಸಿಕ್ಕಿಸಿದೆ. ಅಂಕಿ ಬಹಳ ಕೆಳಗಿತ್ತು. ಅಂದೇ ಕೆಳಗೆ ಕಳಿಸಿದೆವು. ಅವರು ಸಿಟ್ಟಾದರು, ನೀವು ನನ್ನ ಕನಸು ಕೊಂದಿರಿ ಎಂದರು. ಕೆಳಗಿನ ಡಾಕ್ಟರು ಎದೆ ಪರೀಕ್ಷಿಸಿ, ಶ್ವಾಸಕೋಶದಲ್ಲಿ ನೀರು ತುಂಬಲು ಶುರುವಾಗಿದೆ, ಮೇಲಕ್ಕೆ ಹೋಗಿದ್ದರೆ ಇಳಿಯುತ್ತಿರಲಿಲ್ಲ ಎಂದರಂತೆ. ಒಂದು ವಾರದಲ್ಲಿ ಗುಣವಾದರು. ಈಗಲೂ ದೀಪಾವಳಿಗೆ ಫೋನು ಮಾಡುತ್ತಾರೆ. ಬಹಾದೂರನಿಗೂ ಮಾಡುತ್ತಾರೆ. ಅಂದಿನಿಂದ ನನ್ನ ದಿನದ ವರದಿಯಲ್ಲಿ ಒಂದು ಕಾಲಮು ಹೆಚ್ಚಾಯಿತು: ತಟ್ಟೆ ಹೇಗೆ ವಾಪಸ್ ಬಂತು.

ಈಗ ಸುವರ್ಣಾಳ ವಿಷಯ. ಕೆಲಸದಲ್ಲಿ ನನ್ನನ್ನು ಅತಿ ಹೆಚ್ಚು ಹೆದರಿಸಿದ ದಿನ ಅದು.

ಸುವರ್ಣಾ ನಮ್ಮ ತಾಲೂಕಿನ ಮುಚ್ಚಂಡಿ ಊರಿನ ಸೊಸೆ. ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಗಂಡ ಮಹಾದೇವನದು ದಾಳಿಂಬೆ ತೋಟ. ನಾನು ರಜೆಯಲ್ಲಿ ಊರಿಗೆ ಬಂದಿದ್ದಾಗ ಇಬ್ಬರೂ ಬೈಕಿನಲ್ಲಿ ಬಂದರು. ಏಳು ಸಾವಿರ ಮೀಟರಿನ ಶಿಖರ ಹತ್ತಬೇಕು ಎಂದಳು. ಮೊದಲು ಆರು ಸಾವಿರದ್ದು ಎರಡು ಹತ್ತಿ ಬಾ, ಆಮೇಲೆ ಮಾತಾಡೋಣ ಎಂದೆ. ಹೀಗೆ ಹೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಮತ್ತೆ ಕಾಣುವುದಿಲ್ಲ. ಅವಳು ಮೂರನೇ ವರ್ಷ ಎರಡೂ ಪ್ರಮಾಣಪತ್ರ ಹಿಡಿದು ಬಂದಳು. ಅಷ್ಟು ದಿನವೂ ಮುಂಜಾನೆ ಶಾಲೆಗೆ ಮುಂಚೆ ನೀರಿನ ಕ್ಯಾನು ಬೆನ್ನಿಗೆ ಕಟ್ಟಿಕೊಂಡು ಊರ ಹೊರಗಿನ ದಿಬ್ಬ ಹತ್ತಿಳಿದಿದ್ದಳು.

ಅರ್ಜಿಯಲ್ಲಿ ಒಂದು ಸಾಲಿದೆ: ಏನಾದರೂ ಆದರೆ ಮೊದಲು ಯಾರಿಗೆ ತಿಳಿಸಬೇಕು? ಎಲ್ಲರೂ ಗಂಡನದೋ ಹೆಂಡತಿಯದೋ ತಂದೆಯದೋ ಹೆಸರು ಬರೆಯುತ್ತಾರೆ. ಅವಳು ಅತ್ತೆ ಗಂಗವ್ವನ ಹೆಸರು ಬರೆದಿದ್ದಳು.

"ಮಹಾದೇವಂದ್ಯಾಕ ಬರದಿಲ್ಲವಾ?" ಎಂದೆ.

ಅವಳು ಗಂಡನತ್ತ ನೋಡಿದಳು. ಅವನೇ ಹೇಳಿದ. "ನನಗ ಹೇಳಬ್ಯಾಡ್ರಿ ಕಾಕಾರ. ನನ್ನ ಕೈಕಾಲ ಹೋಗತಾವ. ನಮ್ಮವ್ವ ಗಟ್ಟಿ ಅದಾಳ."

ಸಹಿ ಹಾಕಿಸಲು ಮುಚ್ಚಂಡಿಯ ಅವರ ತೋಟದ ಮನೆಗೆ ಹೋದೆ. ಗಂಗವ್ವ ಕನ್ನಡಕ ಹಾಕಿಕೊಂಡು, ನಾಲ್ಕನೇ ಇಯತ್ತೆಯಲ್ಲಿ ಕಲಿತ ಅಕ್ಷರಗಳನ್ನು ನಿಧಾನವಾಗಿ ಬರೆದರು. ಕಾಗದದಲ್ಲಿ ಏನಿದೆ ಎಂದು ನಾನು ಓದಿ ಹೇಳಿದೆ. ಪೂರ್ತಿ ಕೇಳಿದರು.

"ನೀವೂ ಆಕಿ ಕೂಡ ಮ್ಯಾಲ ಹೋಗ್ತೀರೇನ್ರಿ?"

"ಇಲ್ಲವ್ವ. ನಾ ಕೆಳಗ ಬೇಸ್ ಕ್ಯಾಂಪಿನ್ಯಾಗ ಇರ್ತೀನಿ. ವೈರ್‌ಲೆಸ್‌ನ್ಯಾಗ ಮಾತಾಡ್ತೀನಿ."

"ಹಂಗಾರ ಚಲೋ ಆತು," ಎಂದರು. "ಮ್ಯಾಲ ಹೋದವ್ರಿಗೆ ಮ್ಯಾಲಿಂದ ಅಷ್ಟ ಕಾಣ್ತೈತಿ. ಹೊಳ್ಳಿ ಬರೂ ಹಾದಿ ಕೆಳಗಿದ್ದವ್ರ ನೋಡಬೇಕು."

ಇಷ್ಟು ವರ್ಷ ಕಂಪನಿಯ ಗ್ರಾಹಕರಿಗೆ ನನ್ನ ಕೆಲಸ ಏನೆಂದು ವಿವರಿಸಿ ಸೋತಿದ್ದೆ. ಈಕೆ ಚಹಾ ಆರುವುದರೊಳಗೆ ತಿಳಿದುಕೊಂಡಿದ್ದರು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಶಿಖರಕ್ಕೆ ಹೊರಡುವ ಹಿಂದಿನ ದಿನವೇ ತಿರುಗುವ ಹೊತ್ತು ಗೊತ್ತುಮಾಡುವುದು. ಎಲ್ಲೇ ಇರಲಿ, ಎಷ್ಟೇ ಹತ್ತಿರ ಇರಲಿ, ಆ ಹೊತ್ತಿಗೆ ತಿರುಗಬೇಕು. ಮೊದಲು ಈ ತೀರ್ಮಾನ ಗೈಡುಗಳ ಕೈಯಲ್ಲಿತ್ತು. ಅದನ್ನು ಬದಲಿಸಿದವನು ತಾಶಿ. "ಏಳು ಸಾವಿರದ ಮೇಲೆ ನನ್ನ ತಲೆಯೂ ಮಂಕಾಗುತ್ತದೆ," ಎಂದು ಒಂದು ದಿನ ಬಂದು ಹೇಳಿದ. "ಇನ್ನು ಹತ್ತು ನಿಮಿಷ, ಇನ್ನು ಹತ್ತು ನಿಮಿಷ ಅನಿಸುತ್ತದೆ. ಗಡಿಯಾರ ನೀವು ಹಿಡಿಯಿರಿ. ನೀವು ಹೇಳಿದರೆ ನಾನು ತಿರುಗುತ್ತೇನೆ." ಅಷ್ಟು ಅನುಭವದ ಗೈಡು ತಾನಾಗಿ ಅಧಿಕಾರ ಬಿಟ್ಟುಕೊಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆ ದಿನ ತಿರುಗುವ ಹೊತ್ತು ಮಧ್ಯಾಹ್ನ ಒಂದು. ಮೂರನೇ ಕ್ಯಾಂಪಿನಿಂದ ನಾಲ್ಕು ಗ್ರಾಹಕರು, ಮೂವರು ಗೈಡುಗಳು ಹೊರಟಿದ್ದರು. ಮೂವರು ಗ್ರಾಹಕರು ಕಾಲು ಮರಗಟ್ಟುತ್ತಿದೆ ಎಂದು ಬೆಳಿಗ್ಗೆಯೇ ಇಬ್ಬರು ಗೈಡುಗಳೊಂದಿಗೆ ಕ್ಯಾಂಪಿಗೆ ಮರಳಿದರು. ಸುವರ್ಣಾ ಮತ್ತು ತಾಶಿ ಒಂದೇ ಹಗ್ಗದಲ್ಲಿ ಮುಂದುವರಿದರು. ಹವಾಮಾನದ ವರದಿ ಸಂಜೆಯವರೆಗೆ ಗಾಳಿ ಇಲ್ಲ ಎಂದಿತ್ತು. ಬೇಸ್ ಕ್ಯಾಂಪಿನಿಂದ ದುರ್ಬೀನಿನಲ್ಲಿ ನೋಡಿದರೆ ಬಿಳಿ ಇಳಿಜಾರಿನಲ್ಲಿ ಎರಡು ಚುಕ್ಕೆ ಕಾಣುತ್ತಿದ್ದವು. ಶಿಖರದ ಹಿಂದೆ ಆಕಾಶ ಸ್ವಚ್ಛವಾಗಿತ್ತು.

ಒಂದಕ್ಕೆ ಐದು ನಿಮಿಷ ಇರುವಾಗ ವೈರ್‌ಲೆಸ್ ಮಾತಾಡಿತು. ಸುವರ್ಣಾ. ಉಳಿದವರಿಗೆ ತಿಳಿಯದಿರಲಿ ಎಂದು ಕನ್ನಡದಲ್ಲಿ ಮಾತಾಡಿದಳು. ಒಂದೊಂದು ಮಾತಿಗೂ ಉಸಿರು ನಿಲ್ಲಿಸಿ ನಿಲ್ಲಿಸಿ.

"ಕಾಕಾರ. ಇನ್ನ ನಲವತ್ತ ಮಿನಿಟಿಂದ ಐತ್ರಿ. ತುದಿ ಕಾಣಾಕತ್ತೈತಿ."

"ತಾಶಿ ಏನಂತಾನ?"

"ನಿಮ್ಮನ್ನ ಕೇಳ ಅಂದಾರ್ರಿ."

ನಾನು ಸುಳ್ಳು ಬರೆಯಬಾರದು. ಆ ಕ್ಷಣಕ್ಕೆ ಹೂಂ ಎನ್ನಬೇಕೆಂದು ಬಾಯಿ ತೆರೆದಿತ್ತು. ಆಕಾಶ ಸ್ವಚ್ಛ, ವರದಿ ಚೆನ್ನಾಗಿದೆ, ಹುಡುಗಿ ಗಟ್ಟಿ, ಜೊತೆಗಿರುವವನು ತಾಶಿ. ಜತ್ತದ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಲು ಅವಳ ಮೈದುನ ಅಭಿನಂದನೆಯ ಫ್ಲೆಕ್ಸ್ ಮಾಡಿಸಿಟ್ಟಿದ್ದಾನೆಂದು ಹಿಂದಿನ ದಿನವೇ ಸುದ್ದಿ ಬಂದಿತ್ತು. ನನ್ನ ತಾಲೂಕಿನವಳು ಎಂಬ ಆಸೆ ನನಗೂ ಇತ್ತು. ಆ ಆಸೆಯೇ ನನ್ನನ್ನು ಎಚ್ಚರಿಸಿತು. ಬೇರೆ ಯಾರಾದರೂ ಆಗಿದ್ದರೆ ನಾನು ಏನು ಹೇಳುತ್ತಿದ್ದೆ ಎಂದು ಕೇಳಿಕೊಂಡೆ. ಉತ್ತರ ಕಾಗದದ ಮೇಲೆ ಬರೆದಿತ್ತು.

"ಒಂದ ಆತವ್ವ. ತಿರಗ್ರಿ," ಎಂದೆ.

ಉತ್ತರ ಬರಲಿಲ್ಲ. ಮತ್ತೆ ಕರೆದೆ. ತಾಶಿಯನ್ನು ಹಿಂದಿಯಲ್ಲಿ ಕರೆದೆ. ಬರೀ ಗೊರಗೊರ ಸದ್ದು, ಆಮೇಲೆ ಅದೂ ಇಲ್ಲ.

ಒಂದೂಮುಕ್ಕಾಲಿಗೆ ಶಿಖರದ ಹಿಂದಿನಿಂದ ಒಂದು ಮೋಡ ಬಂತು. ಎರಡೂವರೆಗೆ ಪರ್ವತದ ಮೇಲರ್ಧ ಮಾಯವಾಗಿತ್ತು. ಮೂರನೇ ಕ್ಯಾಂಪಿನ ಗೈಡು ವೈರ್‌ಲೆಸ್‌ನಲ್ಲಿ, ಇಲ್ಲಿ ನಿಲ್ಲಲಾಗದ ಗಾಳಿ, ಹತ್ತು ಹೆಜ್ಜೆ ಆಚೆ ಏನೂ ಕಾಣುತ್ತಿಲ್ಲ ಎಂದ. ಅವರು ಇಳಿಯುತ್ತಿದ್ದರೆ ದಾರಿ ತಿಳಿಯಲೆಂದು ಪಾತ್ರೆ ಬಡಿಯಲು ಹೇಳಿದೆ. ಅವನು ಮತ್ತು ಇನ್ನೊಬ್ಬ ಗೈಡು ಸರದಿಯ ಮೇಲೆ ಟೆಂಟಿನ ಹೊರಗೆ ನಿಂತು ಪಾತ್ರೆ ಬಡಿದರು. ಅವರು ವೈರ್‌ಲೆಸ್ ಗುಂಡಿ ಒತ್ತಿದಾಗಲೆಲ್ಲ ಆ ಸದ್ದು ನನಗೂ ಕೇಳುತ್ತಿತ್ತು.

ಆಗ ಉಪಗ್ರಹ ಫೋನು ಬಡಿದುಕೊಂಡಿತು. ಆ ವರ್ಷವೇ ಕಂಪನಿ ಒಂದು ಹೊಸ ಸೌಲಭ್ಯ ತಂದಿತ್ತು. ಪ್ರತಿ ಗ್ರಾಹಕರ ಬಳಿ ಒಂದು ಪುಟ್ಟ ಯಂತ್ರ. ಅದು ಇರುವ ಜಾಗ ಮನೆಯವರ ಮೊಬೈಲಿನ ನಕ್ಷೆಯಲ್ಲಿ ಚುಕ್ಕೆಯಾಗಿ ಕಾಣುತ್ತದೆ. ಗ್ರಾಹಕರಿಗೆ ಅದು ಬಹಳ ಇಷ್ಟವಾಗಿತ್ತು. ಮುಚ್ಚಂಡಿಯಲ್ಲಿ ಬೆಳಗಿನಿಂದ ಇಡೀ ಮನೆ ಆ ಚುಕ್ಕೆಯ ಮುಂದೆ ಕೂತಿತ್ತು. ಆ ಚುಕ್ಕೆ ಒಂದು ಗಂಟೆಗೆ ನಿಂತದ್ದು ಮತ್ತೆ ಅಲುಗಿರಲಿಲ್ಲ.

"ಕಾಕಾರ," ಎಂದ ಮಹಾದೇವ. "ಚುಕ್ಕಿ ನಿಂತೈತ್ರಿ. ಎರಡ ತಾಸ ಆತು. ಏನಾಗೇತಿ ಹೇಳ್ರಿ."

"ಮಹಾದೇವಾ, ನಿಮ್ಮವ್ವನ ಕೈಯಾಗ ಕೊಡು."

ಫೋನು ಕೈ ಬದಲಾಯಿತು. "ಹೇಳ್ರಿ," ಎಂದರು ಗಂಗವ್ವ.

ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ. ಏನೂ ಆಗಿಲ್ಲ ಎಂದು ಹೇಳುವುದು ಸುಲಭ. ನೇಗಿ ಮೇಡಂ ಅದನ್ನು ಮಾತ್ರ ಮಾಡಬೇಡ ಎಂದು ಎಷ್ಟೋ ಸಲ ಹೇಳಿದ್ದರು. ಗೊತ್ತಿದ್ದದ್ದನ್ನು ಹೇಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನು, ಮತ್ತೆ ಯಾವಾಗ ಫೋನು ಮಾಡುತ್ತೀ ಎಂದು ಹೇಳು.

"ಅವ್ವ, ಒಂದ ಗಂಟೇಕ್ಕ ತಿರಗ್ರಿ ಅಂತ ಹೇಳೀನಿ. ಆಮ್ಯಾಲ ಆಕಿ ದನಿ ಕೇಳಿಲ್ಲ. ಮ್ಯಾಲ ಗಾಳಿ ಎದ್ದೈತಿ. ಈಗ ಆಕಿ ಎಲ್ಲಿ ಅದಾಳ ನನಗ ಗೊತ್ತಿಲ್ಲ. ತಿರಗಿದ್ರ ಐದ ಗಂಟೆದೊಳಗ ಕ್ಯಾಂಪಿಗೆ ಬರಬೇಕು. ಐದಕ್ಕ ನಾ ನಿಮಗ ಫೋನ ಮಾಡ್ತೀನಿ, ಸುದ್ದಿ ಇರಲಿ, ಇರದಿರಲಿ."

ಹಿಂದೆ ಯಾರೋ ಅಳುವುದು ಕೇಳಿತು. ಗಂಗವ್ವ ಫೋನಿನಿಂದ ಮುಖ ತಿರುಗಿಸಿ, "ಸುಮ್ಮ ಕುಂದ್ರು" ಎಂದದ್ದೂ ಕೇಳಿತು. ಆಮೇಲೆ ನನಗೆ ಹೇಳಿದರು.

"ನನ್ನ ಮಾತ ಆಕಿ ಎಂದೂ ಕೇಳಿಲ್ರಿ. ಆದ್ರ ಹೊರಗಿನವ್ರು ಹೇಳಿದ್ದ ಭಾಳ ಕೇಳ್ತಾಳ. ನೀವು ಹೇಳೀರಲ್ಲ, ತಿರಗಿರ್ತಾಳ. ಐದಕ್ಕ ಮಾಡ್ರಿ."

ಅವರು ನನಗೆ ಧೈರ್ಯ ಹೇಳಿದ್ದು ಎಂದು ಫೋನು ಇಟ್ಟ ಮೇಲೆ ತಿಳಿಯಿತು.

ಮುಂದಿನ ಒಂದೂಕಾಲು ಗಂಟೆ ನಾನು ಏನು ಮಾಡಿದೆ ಎಂದರೆ, ಕೆಲಸ ಮಾಡಿದೆ. ಎರಡನೇ ಕ್ಯಾಂಪಿನವರಿಗೆ ಬೆಳಗಾಗುತ್ತಲೇ ಮೇಲೆ ಹೋಗಲು ಯಾರು ಸಿದ್ಧ ಎಂದು ಕೇಳಿ ಹೆಸರು ಬರೆದುಕೊಂಡೆ. ಹೆಲಿಕಾಪ್ಟರಿನವರಿಗೆ ಹವೆ ತಿಳಿಸಿದೆ. ಮೂರನೇ ಕ್ಯಾಂಪಿನಲ್ಲಿ ಎಷ್ಟು ಗ್ಯಾಸು, ಎಷ್ಟು ಹಗ್ಗ ಇದೆ ಎಂದು ಲೆಕ್ಕ ಹಾಕಿದೆ. ಬಹಾದೂರ ಎರಡು ಸಲ ಚಹಾ ತಂದಿಟ್ಟ, ಎರಡು ಸಲವೂ ತಣ್ಣಗಾದದ್ದನ್ನು ತೆಗೆದುಕೊಂಡು ಹೋದ. ನನ್ನ ತಟ್ಟೆಯ ವರದಿ ಅವನ ಕಣ್ಣಿಗೆ ಬಿದ್ದಿತ್ತು.

ನಾಲ್ಕೂ ಇಪ್ಪತ್ತಕ್ಕೆ ವೈರ್‌ಲೆಸ್‌ನಲ್ಲಿ ಪಾತ್ರೆ ಬಡಿಯುವ ಸದ್ದಿನ ನಡುವೆ ಗೈಡು ಕೂಗಿದ. "ಇಬ್ಬರು. ಇಬ್ಬರೂ ಬಂದರು."

ಆಮೇಲೆ ತಾಶಿಯ ದನಿ, ಎಂದಿನಂತೆ ಸಣ್ಣದಾಗಿ. "ಬ್ಯಾಟರಿ ಸತ್ತಿತು, ಮಲ್ಲಪ್ಪಾಜಿ. ನಿಮ್ಮ ಹೊಸ ಬ್ಯಾಟರಿ ಚಳಿಗೆ ಒಂದು ಗಂಟೆಯೂ ನಿಲ್ಲುವುದಿಲ್ಲ."

ಆ ಬ್ಯಾಟರಿಗಳನ್ನು ತರಿಸಿದವನು ನಾನೇ. ಮನಾಲಿಯ ಕಚೇರಿಯಲ್ಲಿ, ಹೀಟರಿನ ಪಕ್ಕದಲ್ಲಿ ಕೂತು ಪರೀಕ್ಷಿಸಿದ್ದೆ. ಇದು ನನ್ನ ತಪ್ಪು ಎಂದು ಆ ವರ್ಷದ ವರದಿಯಲ್ಲಿ ಬರೆದೆ, ಇಲ್ಲಿಯೂ ಬರೆಯುತ್ತೇನೆ. ಚುಕ್ಕೆಯ ಯಂತ್ರವೂ ಅದೇ ಚಳಿಗೆ ನಿಂತಿತ್ತು. ಮುಂದಿನ ವರ್ಷದಿಂದ ಎಲ್ಲ ಬ್ಯಾಟರಿಗಳನ್ನೂ ಮಂಜುಗಡ್ಡೆಯಲ್ಲಿ ಒಂದು ದಿನ ಹೂತಿಟ್ಟೇ ಪರೀಕ್ಷಿಸುತ್ತಿದ್ದೆ. ಹವಾಮಾನದ ವರದಿ ಅರ್ಧ ದಿನ ತಪ್ಪಿತ್ತು. ಇದರಲ್ಲಿ ಯಾರದೂ ತಪ್ಪಿಲ್ಲ. ತಿರುಗುವ ಹೊತ್ತು ಇರುವುದೇ ವರದಿ ತಪ್ಪುವ ದಿನಕ್ಕೆ.

ಐದಕ್ಕೆ ಕಾಯದೆ ಮುಚ್ಚಂಡಿಗೆ ಫೋನು ಮಾಡಿದೆ. "ಬಂದ್ಲು ಅವ್ವ" ಎಂದಷ್ಟೇ ಹೇಳಲಾಯಿತು. "ಹೂಂ," ಎಂದರು ಗಂಗವ್ವ. "ನೀವಿನ್ನ ಒಂದೀಟ ಏನರೆ ತಿನ್ರಿ."

ಸುವರ್ಣಾ ಬೇಸ್ ಕ್ಯಾಂಪಿಗೆ ಇಳಿದು ಬಂದ ಮೇಲೆ ಮೂರು ದಿನ ನನ್ನೊಂದಿಗೆ ಮಾತಾಡಲಿಲ್ಲ. ತಾಶಿಯೊಂದಿಗೆ ನಗುತ್ತಿದ್ದಳು, ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಸಿಟ್ಟಾಗಲು ಬದುಕಿ ಬಂದಿದ್ದಾಳಲ್ಲ, ಆಗಲಿ ಎಂದುಕೊಂಡೆ. ನಾಲ್ಕನೇ ದಿನ ರಸ್ತೆಯತ್ತ ನಡೆಯುವಾಗ ತಾನಾಗಿ ಪಕ್ಕಕ್ಕೆ ಬಂದಳು.

"ಕಾಕಾರ, ಬ್ಯಾಟರಿ ನೀವು ತಿರಗ್ರಿ ಅಂದ ಮ್ಯಾಲ ಹೋತ್ರಿ. ನಾ ಕೇಳಿಸ್ಕೊಂಡಿದ್ದೆ."

"ಹೌದೇನು?"

"ಕೇಳಿಸ್ಕೊಂಡೂ ಹತ್ತಿದೆ. ತಾಶಿಯವ್ರು ಏನೂ ಅನಲಿಲ್ಲ. ಹಿಮದಾಗ ಕುಂತಬಿಟ್ರು. ಹಗ್ಗಾ ಬಿಗಿ ಆತು. ಎಳದೆ, ಅವ್ರು ಅಲಗಲಿಲ್ಲ. ಹೊಳ್ಳಿ ನೋಡಿದ್ರ, ಕೈಗಡಿಯಾರಾ ತೋರಿಸಿದ್ರು. ನಿಂತ ಅತ್ತೆ. ಆಮ್ಯಾಲ ತಿರಗಿದೆ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದಳು. "ಅರ್ಧಾ ಹಾದಿ ಇಳದಾಗ ಗಾಳಿ ಬಂತ್ರಿ. ಅದನ್ನ ಕಂಡ ಮ್ಯಾಲ ನಿಮಗ ಮಾರಿ ತೋರಿಸಾಕ ಆಗಲಿಲ್ಲ. ಸಿಟ್ಟಲ್ರಿ ಅದು."

ನಾನು ಅವಳ ಬೆನ್ನಿನ ಚೀಲ ತೆಗೆದುಕೊಳ್ಳಲು ಹೋದೆ. ಕೊಡಲಿಲ್ಲ.

ಸಾಮಾನ್ಯವಾಗಿ ನಮ್ಮ ಕೆಲಸ ಮನಾಲಿಯಲ್ಲಿ ಮುಗಿಯುತ್ತದೆ. ಗ್ರಾಹಕರನ್ನು ಬಸ್ಸಿಗೆ ಹತ್ತಿಸಿ, ಕಾಗದದಲ್ಲಿ ಅವರ ಹೆಸರಿನ ಮುಂದೆ ಗುರುತು ಹಾಕಿದರೆ ಆಯಿತು. ಆ ಸಲ ನನಗೂ ರಜೆ ಇತ್ತು, ಇಬ್ಬರೂ ಕೂಡಿಯೇ ಊರಿಗೆ ಬಂದೆವು. ಜತ್ತದಿಂದ ಬಸ್ಸು ಹಿಡಿದು ಮುಚ್ಚಂಡಿಯಲ್ಲಿ ಇಳಿದಾಗ ಮಧ್ಯಾಹ್ನ. ಮಹಾದೇವ ಬೈಕು ತಂದಿದ್ದ. ಹೆಂಡತಿಯನ್ನು ನೋಡಿದವನೇ ಬೈಕಿನ ಕೀಲಿ ಎಲ್ಲಿಟ್ಟೆನೆಂದು ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು.

ತೋಟದ ಮನೆಯ ಕಟ್ಟೆಯ ಮೇಲೆ ಗಂಗವ್ವ ಶೇಂಗಾ ಸುಲಿಯುತ್ತ ಕೂತಿದ್ದರು. ಏಳಲಿಲ್ಲ. "ಬರ್ರಿ, ಕುಂದ್ರಿ," ಎಂದು ನನಗೆ ಹೇಳಿ, ಸೊಸೆಯನ್ನು ಹತ್ತಿರ ಕರೆದರು.

"ಕೈ ತೋರ್ಸು."

ಸುವರ್ಣಾ ಎರಡೂ ಕೈ ಚಾಚಿದಳು. ಮುದುಕಿ ಕನ್ನಡಕ ಏರಿಸಿಕೊಂಡು ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಹಿಡಿದು, ತುದಿ ಒತ್ತಿ, ಬಿಟ್ಟರು. ಹತ್ತು ಆದವು.

"ಬೂಟ ಬಿಚ್ಚು."

"ಅತ್ತಿ, ಏನೂ ಆಗಿಲ್ಲ. ಕಾಕಾರ ಮುಂದ ಇದೇನ್ರಿ."

"ಬಿಚ್ಚಂದ್ನೆಲ್ಲ."

ಬಿಚ್ಚಿದಳು. ಕಾಲುಚೀಲವನ್ನೂ ತೆಗೆದಳು. ಗಂಗವ್ವ ಆ ಪಾದಗಳನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಶೇಂಗಾ ಸಿಪ್ಪೆ ಅಂಟಿದ ಬೆರಳುಗಳಿಂದ ಮತ್ತೆ ಮೊದಲಿನಿಂದ ಎಣಿಸಿದರು. ಎಡಗಾಲಿನ ಕಿರುಬೆರಳಿನ ಉಗುರು ಕಪ್ಪಾಗಿತ್ತು. ಅಲ್ಲಿ ನಿಲ್ಲಿಸಿ ನನ್ನತ್ತ ನೋಡಿದರು.

"ಅದು ಬೂಟ ಬಡದ ಕಪ್ಪ ಆಗೇತವ್ವ," ಎಂದೆ. "ಹೊಸಾ ಉಗರ ಬರ್ತೈತಿ."

ಅವರು ಆ ಬೆರಳನ್ನು ಒತ್ತಿದರು. ಸುವರ್ಣಾ "ಹಾ" ಎಂದು ಕಾಲು ಎಳೆದುಕೊಂಡಳು. ಹಿಮ ಕಚ್ಚಿ ಸತ್ತ ಬೆರಳಿಗೆ ನೋವು ತಿಳಿಯುವುದಿಲ್ಲ, ಅದನ್ನು ಕತ್ತರಿಸಬೇಕಾಗುತ್ತದೆ. ನೋವಾಯಿತು ಎಂದರೆ ಜೀವ ಇದೆ ಎಂದರ್ಥ. ಗಂಗವ್ವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ಎಲ್ಲಾ ಅದಾವ," ಎಂದರು. ಸೊಸೆಯ ಕಾಲನ್ನು ಮೆಲ್ಲಗೆ ನೆಲಕ್ಕೆ ಇಳಿಸಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, ಒಳಗೆ ರೊಟ್ಟಿ ಬಡಿಯಲು ಎದ್ದರು.